ಒಂದೇ ದಿನ ಮೂರು ಹೊಟ್ಟೆ: ಕೂಸಿನದು, ಹುಡುಗನದು, ಅಜ್ಜನದು. ಕೈ ಇಡೋದು ಹೇಗೆ?

ಉಪಕೇಂದ್ರದ ಹುಡುಗಿ (ಭಾನುವಾರ, ರಾತ್ರಿ 9:10)

ನಾನು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಹಾವೇರಿ ಜಿಲ್ಲೆಯ ಉಪಕೇಂದ್ರವೊಂದಕ್ಕೆ ಬಂದು ಏಳು ತಿಂಗಳಾಯಿತು. ಇಲ್ಲಿ ಸ್ಕ್ಯಾನಿಂಗ್ ಇಲ್ಲ, ಎಕ್ಸ್‌ರೇ ಇಲ್ಲ. ಒಂದು ಮಂಚ, ಒಂದು ಸ್ಟೆತ್, ನನ್ನ ಎರಡು ಕೈ.

ಹೋದ ಸೋಮವಾರ ಮಧ್ಯಾಹ್ನದೊಳಗೆ ಮೂರು ಹೊಟ್ಟೆ ನೋಡಿದೆ. ಮೊದಲನೆಯದು ನಾಲ್ಕು ತಿಂಗಳ ಕೂಸು. ಹೊಕ್ಕಳು ನಿಂಬೆಕಾಯಿಯಷ್ಟು ಉಬ್ಬಿದೆ. ಅದರ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಬಟ್ಟೆ ಬಿಗಿದಿದ್ದಾರೆ. ಆಮೇಲೆ ಏಳು ವರ್ಷದ ಹುಡುಗ, ಹೊಟ್ಟೆನೋವು ಅಂತ ಶಾಲೆ ತಪ್ಪಿಸಿ ಬಂದವನು. ಬೆರಳು ತಾಗಿದರೆ ಸಾಕು, ಕಿಲಕಿಲ ನಗು, ಹೊಟ್ಟೆ ಹಲಗೆಯಂತೆ ಬಿಗಿ. ಕಚಗುಳಿಗೆ ಬಿಗಿ ಹಿಡಿದನೋ ನೋವಿಗೆ ಹಿಡಿದನೋ ಗೊತ್ತಾಗಲಿಲ್ಲ. ಕೊನೆಗೆ ಎಂಬತ್ತು ದಾಟಿದ ಅಜ್ಜ. ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ರಾತ್ರಿಯೆಲ್ಲ ಎದ್ದು ಓಡಾಡ್ತಾರೆ, ಏನೇನೋ ಮಾತಾಡ್ತಾರೆ ಅಂತ ಸೊಸೆ ಕರೆತಂದಿದ್ದರು. ಒತ್ತಿ ನೋಡಿದೆ. ‘ನೋವೈತೇನ್ರೀ ಅಜ್ಜಾರ?’ ಅಂದರೆ ‘ಇಲ್ಲವ್ವಾ’ ಅಂದರು. ‘ಹೊಟ್ಟೆ ಮೃದು, ನೋವಿಲ್ಲ’ ಅಂತ ಬರೆದು ಓಆರ್‌ಎಸ್ ಕೊಟ್ಟು ಕಳಿಸಿದೆ.

ಮರುದಿನ ತಾಲ್ಲೂಕಿಗೆ ಕರೆದುಕೊಂಡು ಹೋದರಂತೆ. ಮೂತ್ರ ಕಟ್ಟಿಕೊಂಡಿತ್ತು. ಕ್ಯಾತಿಟರ್ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಬಂತಂತೆ. ನಾನು ಧೋತರದ ಗಂಟಿನಿಂದ ಮೇಲಕ್ಕಷ್ಟೇ ಒತ್ತಿದ್ದೆ. ಗಂಟಿನ ಕೆಳಗೆ ಕೈ ಹೋಗಲೇ ಇಲ್ಲ.

ಪುಸ್ತಕದಲ್ಲಿ ನೋಡು, ಆಲಿಸು, ತಟ್ಟು, ಒತ್ತು ಅಂತ ಒಂದೇ ಸಾಲು. ಮೂರೂ ವಯಸ್ಸಿಗೆ ಅದೇ ಸಾಲಾ? ಕೈ ಪಳಗಿದವರು ಹೇಳಿ.

ಮಕ್ಕಳ ವಾರ್ಡ್ ಸಿಸ್ಟರ್ (ರಾತ್ರಿ 9:48)

ಮಂಗಳೂರಿನ ಕಡೆಯವಳು ನಾನು, ಮಕ್ಕಳ ವಾರ್ಡಿನಲ್ಲೇ 22 ವರ್ಷ ಆಯ್ತು. ನಿಮ್ಮ ಕಿಲಕಿಲ ಹುಡುಗನಿಗೆ ಸುಲಭದ ಉಪಾಯ ಉಂಟು. ಅವನ ಕೈಯನ್ನೇ ಅವನ ಹೊಟ್ಟೆ ಮೇಲೆ ಇಡಿಸಿ, ಅದರ ಮೇಲೆ ನಿಮ್ಮ ಕೈ ಇಡಿ. ತನ್ನ ಕೈಗೆ ಯಾರಿಗೂ ಕಚಗುಳಿ ಆಗುವುದಿಲ್ಲ. ಎರಡು ಸುತ್ತು ಹಾಗೆ ಒತ್ತಿ, ಮೂರನೇ ಸುತ್ತಿನಲ್ಲಿ ಮೆಲ್ಲ ಅವನ ಬೆರಳುಗಳ ನಡುವಿನಿಂದ ನಿಮ್ಮ ಬೆರಳು ಇಳಿಸಿ. ಮೊಣಕಾಲು ಮಡಚಿಸಿ, ತಲೆಯ ಅಡಿಗೆ ತೆಳು ದಿಂಬು. ಬಾಯಿಯಲ್ಲಿ ಬೇರೆ ಮಾತು ನಡೆಯುತ್ತಿರಲಿ: ‘ಮಧ್ಯಾಹ್ನ ಬಿಸಿಯೂಟಕ್ಕೆ ಏನಿತ್ತು? ಮೊಟ್ಟೆ ಕೊಟ್ಟರಾ?’

ಎಲ್ಲಿ ನೋವು ಅಂತ ಕೇಳಿದರೆ ಎಲ್ಲ ಮಕ್ಕಳೂ ಹೊಕ್ಕಳನ್ನೇ ತೋರಿಸ್ತಾರೆ. ಹಾಗಾಗಿ ನೋವಿಲ್ಲದ ಕಡೆಯಿಂದ ಶುರು ಮಾಡಿ, ಕಣ್ಣು ಹೊಟ್ಟೆಯ ಮೇಲಲ್ಲ, ಮುಖದ ಮೇಲೆ ಇರಲಿ. ಬಾಯಿ ‘ಇಲ್ಲ’ ಅಂದರೂ ಹುಬ್ಬು ಸುಳ್ಳು ಹೇಳುವುದಿಲ್ಲ.

ಕೂಸುಗಳಿಗೆ ಮಂಚವೇ ಬೇಡ. ತಾಯಿ ಮಡಿಲಲ್ಲಿ, ಹಾಲು ಕುಡಿಯುತ್ತಿರುವಾಗ, ಬೆಚ್ಚಗಿನ ಕೈಯಲ್ಲಿ ನೋಡಿ. ಅಳುತ್ತಿದ್ದರೂ ಪರವಾಗಿಲ್ಲ. ಒಂದು ಅಳು ಮುಗಿದು ಉಸಿರು ಎಳೆದುಕೊಳ್ಳುವ ಆ ಒಂದು ಕ್ಷಣ ಹೊಟ್ಟೆ ಸಡಿಲ ಬೀಳ್ತದೆ, ಬೆರಳು ಆಗ ಇಳಿಯಬೇಕು.

ಆ ನಾಣ್ಯ ಮಾತ್ರ ದಯವಿಟ್ಟು ಬಿಚ್ಚಿಸಿ ಮಾರಾಯ್ರೆ. ಅಡಿಯಲ್ಲಿ ಬೆವರು ನಿಂತು ಚರ್ಮ ಕೊಳೆತದ್ದನ್ನು ನೋಡಿದ್ದೇನೆ. ಹೊಕ್ಕಳ ಹರ್ನಿಯಾ ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ತದೆ, ನಾಣ್ಯ ಇದ್ದರೂ ಇಲ್ಲದಿದ್ದರೂ. ಒತ್ತಿದರೆ ಗುಳುಗುಳು ಅಂತ ಒಳಗೆ ಹೋಗಬೇಕು. ಹೋಗದೆ ಗಟ್ಟಿಯಾಗಿ ಕೆಂಪಾಗಿದ್ದರೆ, ಮಗು ವಾಂತಿ ಮಾಡುತ್ತಿದ್ದರೆ ಆಗಲೇ ಗಾಡಿ ಹತ್ತಿಸಿ.

ಗಣೇಶಪೇಟ ಪೋರ (ರಾತ್ರಿ 10:02)

ಅಲ್ರೀ, ಈಗಿನ ಕಾಲದಾಗ ಹೊಟ್ಟಿ ಒತ್ತಿ ನೋಡೋದು ಯಾಕ್ರೀ? ಸೀದಾ ಸ್ಕ್ಯಾನಿಂಗ್ ಬರದ್ರ ಮುಗೀತು. ನಮ್ಮ ಓಣ್ಯಾಗ ಡಾಕ್ಟರು ಹೊಟ್ಟಿ ಮುಟ್ಟಂಗs ಇಲ್ಲ, ಚೀಟಿ ಬರದು ಕೊಡ್ತಾರ.

ಕತ್ತರಿ ಹಿಡಿದವ (ರಾತ್ರಿ 10:31)

@ಗಣೇಶಪೇಟ ಪೋರ, ಅವರ ಕೇಂದ್ರದಲ್ಲಿ ಸ್ಕ್ಯಾನಿಂಗ್ ಇಲ್ಲ ಅಂತ ಮೊದಲ ಪ್ಯಾರಾದಲ್ಲೇ ಬರೆದಿದ್ದಾರೆ. ಯಾರನ್ನು ಈಗಲೇ ಐವತ್ತು ಕಿಲೋಮೀಟರ್ ಕಳಿಸಬೇಕು, ಯಾರು ನಾಳೆ ಬಂದರೂ ಆದೀತು ಅನ್ನೋದು ಆ ಎರಡು ಕೈಯಲ್ಲೇ ತೀರ್ಮಾನ ಆಗಬೇಕು. ಅಲ್ಲದೆ ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಕಾಣಲಿಲ್ಲ ಅಂದಮಾತ್ರಕ್ಕೆ ಅಪೆಂಡಿಕ್ಸ್ ಕೆಟ್ಟಿಲ್ಲ ಅಂತ ಅರ್ಥ ಅಲ್ಲ.

ನಾನು ಸರ್ಜನ್. ಮಕ್ಕಳ ಹೊಟ್ಟೆಯಲ್ಲಿ ನನಗೆ ಕೈಗಿಂತ ಮೊದಲು ಕೆಲಸಕ್ಕೆ ಬರೋದು ಕಣ್ಣು. ಮಗು ಬಾಗಿಲಿಂದ ಮಂಚದವರೆಗೆ ಹೇಗೆ ನಡೆದು ಬಂತು? ಬೆನ್ನು ಬಗ್ಗಿಸಿ, ಬಲಗಾಲು ಎಳೆಯುತ್ತಾ ಬಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ‘ಒಂದು ಸಲ ಜಿಗಿ ನೋಡೋಣ’ ಅನ್ನಿ. ಎರಡು ಕಾಲಲ್ಲಿ ಜಿಗಿದು ನಕ್ಕರೆ ಅಪೆಂಡಿಕ್ಸ್ ಸಂಶಯ ಬಹಳ ಇಳೀತು. ಜಿಗಿಯೋಕೆ ಹೋಗಿ ಹೊಟ್ಟೆ ಹಿಡಿದು ನಿಂತರೆ ಹುಷಾರು. ನಾನು ಅಪ್ಪ-ಅಮ್ಮನಿಗೆ ತಪ್ಪದೆ ಕೇಳೋದು, ‘ದಾರಿಯಲ್ಲಿ ಹಂಪ್ ಹತ್ತಿಳಿದಾಗ ಏನಾಯ್ತು?’ ಬೈಕು ಹಂಪ್ ದಾಟಿದಾಗಲೆಲ್ಲ ಚೀರಿದ ಅಂದರೆ ಹೊಟ್ಟೆಯ ಒಳಪೊರೆ ಕೆರಳಿದೆ ಅಂತ ಲೆಕ್ಕ. ಇದು ನನ್ನ ತಮಾಷೆಯಲ್ಲ, ಇಂಗ್ಲೆಂಡಿನ ವೈದ್ಯರು ಅಪೆಂಡಿಕ್ಸ್ ರೋಗಿಗಳನ್ನೇ ಕೇಳಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದು. ನಮ್ಮ ರಸ್ತೆಗಳಿಗೆ ಹೇಳಿ ಮಾಡಿಸಿದ ಪರೀಕ್ಷೆ.

ಒತ್ತಿ ಫಕ್ಕನೆ ಕೈ ಬಿಡೋ ಆ ಹಳೇ ವಿಧಾನವನ್ನು ಮಕ್ಕಳ ಮೇಲೆ ಮಾಡಬೇಡಿ. ಒಮ್ಮೆ ನೋಯಿಸಿದಿರೋ, ಆ ಮಗು ಮತ್ತೆ ಮುಟ್ಟಗೊಡೋದಿಲ್ಲ. ಬೆರಳಿಟ್ಟು ಮೆಲ್ಲಗೆ ತಟ್ಟಿದರೂ ಅದೇ ವಿಷಯ ಗೊತ್ತಾಗುತ್ತೆ.

ಐದು ವರ್ಷದೊಳಗಿನವರಲ್ಲಿ ಅಪೆಂಡಿಕ್ಸ್ ಅಂತ ಗೊತ್ತಾಗೋ ಹೊತ್ತಿಗೆ ಎಷ್ಟೋ ಸಲ ಒಡೆದಿರುತ್ತೆ. ಹೊಕ್ಕಳ ಸುತ್ತ ಶುರುವಾಗಿ ಬಲಕ್ಕೆ ಇಳಿಯೋ ನೋವು, ಆಮೇಲೆ ವಾಂತಿ ಅನ್ನೋ ಪುಸ್ತಕದ ಕತೆಯನ್ನು ಮೂರು ವರ್ಷದ ಮಗು ಹೇಳಲ್ಲ. ಅದು ಸುಮ್ಮನೆ ಮಲಗಿರುತ್ತೆ, ಎತ್ತಿಕೊಳ್ಳೋಕೆ ಬಿಡಲ್ಲ, ಅಷ್ಟೇ.

ಹುಡುಗರ ಹೊಟ್ಟೆನೋವಲ್ಲಿ ಚಡ್ಡಿ ಇಳಿಸಿ ನೋಡದೆ ಪರೀಕ್ಷೆ ಮುಗಿಸಬೇಡಿ. ವೃಷಣ ತಿರುಚಿಕೊಂಡ ಹುಡುಗ ನಾಚಿಕೆಗೆ ಹೊಟ್ಟೆನೋವು ಅಂತಾನೇ ಹೇಳೋದು. ಅದನ್ನು ಉಳಿಸೋಕೆ ಸಿಗೋ ಸಮಯ ಸುಮಾರು ಆರು ಗಂಟೆ.

ಮಕ್ಕಳ ವಾರ್ಡ್ ಸಿಸ್ಟರ್ (ರಾತ್ರಿ 10:50)

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಜ್ವರ, ಕೆಮ್ಮು, ಜೋರು ಉಸಿರಾಟ ಇರುವ ಮಗು ಹೊಟ್ಟೆನೋವು ಅಂದರೆ ಎದೆಯ ಕೆಳಭಾಗ ಆಲಿಸಿ. ಶ್ವಾಸಕೋಶದ ಬುಡದ ನ್ಯುಮೋನಿಯಾ ಹೊಟ್ಟೆನೋವಿನ ವೇಷದಲ್ಲಿ ಬರ್ತದೆ. ಸಕ್ಕರೆ ಕಾಯಿಲೆ ಇದೆ ಅಂತ ಮನೆಯವರಿಗೇ ಗೊತ್ತಿಲ್ಲದ ಮಗುವೂ ಹೊಟ್ಟೆನೋವು, ವಾಂತಿ ಅಂತಲೇ ಬರುವುದು. ಗ್ಲೂಕೋಮೀಟರ್ ನಿಮ್ಮಲ್ಲಿ ಇದ್ದೇ ಇರ್ತದಲ್ಲ, ಒಂದು ಹನಿ ಚುಚ್ಚಿ ನೋಡಿ.

ಒಪಿಡಿ ಮೂಲೆ (ಸೋಮವಾರ, ಬೆಳಿಗ್ಗೆ 6:40)

ಎಂಡಿ ಮೆಡಿಸಿನ್ ಮುಗಿಸಿ ತುಮಕೂರು ಕಡೆ ಒಪಿಡಿ ನೋಡ್ತೀನಿ. ಮೊದಲು ಆ ‘ಸಾಲಿ’ನ ವಿಚಾರ. ನರ್ಸಿಂಗ್‌ನಲ್ಲಿ ಒತ್ತೋದಕ್ಕೆ ಮುಂಚೆ ಆಲಿಸಿ ಅಂತ ಕಲಿಸ್ತಾರೆ, ಒತ್ತಿದರೆ ಕರುಳಿನ ಸದ್ದು ಬದಲಾಗುತ್ತೆ ಅಂತ. ನಮಗೆ ಎಂಬಿಬಿಎಸ್‌ನಲ್ಲಿ ಒತ್ತಿ, ತಟ್ಟಿ, ಕೊನೆಗೆ ಆಲಿಸಿ ಅಂತ ಕಲಿಸಿದ್ರು. ಎರಡೂ ಕಡೆಯವರು ಪರೀಕ್ಷೆಯಲ್ಲಿ ಮಾರ್ಕ್ಸ್ ಕಳಕೊಳ್ಳೋದು ಬಿಟ್ಟರೆ ರೋಗಿಗೆ ದೊಡ್ಡ ವ್ಯತ್ಯಾಸ ಏನಿಲ್ಲ ಕಣ್ರೀ. ಕೂಸಿಗೆ ಮಾತ್ರ ಮೊದಲು ಆಲಿಸೋದೇ ಸರಿ, ಒತ್ತಿದ ಮೇಲೆ ಅಳು ಬಿಟ್ಟು ಬೇರೇನೂ ಕೇಳಿಸಲ್ಲ! ಕರುಳಿನ ಸದ್ದು ‘ಇಲ್ಲ’ ಅಂತ ಬರೆಯೋಕೆ ಮುಂಚೆ ಗಡಿಯಾರ ನೋಡಿ ಐದು ನಿಮಿಷ ಆಲಿಸಬೇಕು ಅಂತಾರೆ. ನಾನಂತೂ ಹಾಗೆ ಆಲಿಸಿದವರನ್ನು ಒಬ್ಬರನ್ನೂ ನೋಡಿಲ್ಲ.

ತಟ್ಟಿ ನೋಡೋದು ಹೊಸದೇನಲ್ಲ. ಹಲಸಿನಕಾಯಿ ತಟ್ಟಿ ಬಲಿತಿದೆಯಾ ಅಂತ ಹೇಳೋ ಊರಿನವರು ನಾವು. ಗಾಳಿ ಇದ್ದಲ್ಲಿ ಡೊಳ್ಳು, ನೀರೋ ಗಟ್ಟಿಯೋ ಇದ್ದಲ್ಲಿ ಮಂದ. 1761ರಲ್ಲಿ ಈ ವಿದ್ಯೆಯನ್ನು ಬರೆದಿಟ್ಟ ಆಸ್ಟ್ರಿಯಾದ ಔಯೆನ್‌ಬ್ರುಗರ್ ಹೋಟೆಲಿನವನ ಮಗ, ಪೀಪಾಯಿ ತಟ್ಟಿ ಹೆಂಡ ಎಷ್ಟಿದೆ ಅಂತ ಹೇಳೋದನ್ನು ನೋಡುತ್ತಾ ಬೆಳೆದವನಂತೆ. ನಿಮ್ಮ ಅಜ್ಜನ ಕೇಸಲ್ಲಿ ಇದೇ ಸಾಕಿತ್ತು. ಹೊಕ್ಕಳಿನಿಂದ ಕೆಳಕ್ಕೆ ತಟ್ಟುತ್ತಾ ಬಂದರೆ ಡೊಳ್ಳು ನಿಂತು ಮಂದ ಶುರುವಾಗುತ್ತೆ. ಅದು ಮೂತ್ರದ ಚೀಲ. ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡ್ತಾರೆ ಅಂದರೆ ಎಲ್ಲರೂ ಮೊದಲು ತಲೆ ನೋಡ್ತಾರೆ. ನಾನು ಮೊದಲು ಕಿಬ್ಬೊಟ್ಟೆ ತಟ್ಟಿ ನೋಡ್ತೀನಿ.

ಲಿವರ್ ವಿಷಯ. ಹುಟ್ಟಿದ ಕೂಸಿಗೆ ಬಲಪಕ್ಕೆಯ ಕೆಳಗೆ 1ರಿಂದ 2 ಸೆಂ.ಮೀ. ಕೈಗೆ ಸಿಕ್ಕರೆ ಗಾಬರಿ ಬೇಡ, ಅದು ಸಹಜ. ದೊಡ್ಡವರಲ್ಲಿ ಸಿಕ್ಕರೆ ಮೇಲಂಚನ್ನೂ ತಟ್ಟಿ ಹುಡುಕಿ. ಬೀಡಿ ಸೇದಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಲಿವರ್ ಕೆಳಗೆ ಜಾರಿರುತ್ತೆ, ಬೆಳೆದಿರಲ್ಲ. ಮೇಲಿಂದ ಕೆಳಕ್ಕೆ ಅಳತೆ 12 ಸೆಂ.ಮೀ. ಒಳಗಿದ್ದರೆ ಅದು ದೊಡ್ಡದಾಗಿಲ್ಲ, ಜಾಗ ಬಿಟ್ಟಿದೆ ಅಷ್ಟೇ.

ಎರಡು ಮಕ್ಕಳ ತಾಯಿ (ಬೆಳಿಗ್ಗೆ 8:15)

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಎರಡನೇ ಮಗಳಿಗೆ ಎರಡು ವರ್ಷ. ನಿಂತರೆ ಹೊಟ್ಟೆ ಗುಡಾಣದ ಹಾಗೆ ಮುಂದೆ, ಬೆನ್ನು ಒಳಕ್ಕೆ. ನಮ್ಮತ್ತೆ ಜಂತುಹುಳ ಅಂತಾರೆ. ಪಕ್ಕದ ಮನೆಯವರು ಬಟ್ಟಿ ಜಾರಿದೆ ಅಂತ ಹೊಕ್ಕಳು ತಿಕ್ಕಿಸೋಕೆ ಕರೀತಿದ್ದಾರೆ. ಏನು ಮಾಡಲಿ?

ಮಕ್ಕಳ ವಾರ್ಡ್ ಸಿಸ್ಟರ್ (ಬೆಳಿಗ್ಗೆ 8:40)

ಆ ವಯಸ್ಸಿಗೆ ಗಣಪತಿ ಹೊಟ್ಟೆ ಇರುವುದೇ ಚಂದ. ಹೊಟ್ಟೆಯ ಸ್ನಾಯು ಇನ್ನೂ ಬಲ ಆಗಿಲ್ಲ, ಒಳಗಿನ ಅಂಗಗಳಿಗೆ ಜಾಗ ಸಾಲದು. ಮಲಗಿಸಿದಾಗ ಚಪ್ಪಟೆ ಆಗ್ತದಾ? ಮೆತ್ತಗಿದೆಯಾ? ಊಟ, ಆಟ, ತೂಕ ಎಲ್ಲ ಸರಿ ಉಂಟಾ? ಹಾಗಿದ್ದರೆ ಸುಮ್ಮನಿರಿ, ಶಾಲೆಗೆ ಹೋಗುವ ವಯಸ್ಸಿಗೆ ಇಳಿಯುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ ಅಂದರೆ ಅದು ಬೇರೆ ಕತೆ, ತೋರಿಸಬೇಕು.

ತಿಕ್ಕಿಸುವುದು ಬೇಡ. ಸ್ನಾನ ಮಾಡಿಸುವಾಗ ಒಂದು ಪಕ್ಕೆಯಲ್ಲಿ ಗಟ್ಟಿ ಗಂಟು ಸಿಕ್ಕಿತು ಅಂತ ಬರುವ ತಾಯಂದಿರು ಇದ್ದಾರೆ. ಚಿಕ್ಕ ಮಕ್ಕಳ ಕಿಡ್ನಿಯ ಗಡ್ಡೆ ಎಷ್ಟೋ ಸಲ ಹಾಗೇ ತಾಯಿಯ ಸೋಪಿನ ಕೈಗೆ ಮೊದಲು ಸಿಗುವುದು. ಅಂಥ ಗಂಟನ್ನು ಮತ್ತೆ ಮತ್ತೆ ಒತ್ತಬಾರದು, ಒಡೆದರೆ ಹರಡ್ತದೆ. ನಮ್ಮಲ್ಲಿ ಅಂಥ ಮಗುವಿನ ಮಂಚಕ್ಕೆ ‘ಹೊಟ್ಟೆ ಮುಟ್ಟಬೇಡಿ’ ಅಂತ ಬೋರ್ಡು ಹಾಕ್ತೇವೆ. ಇಲ್ಲದಿದ್ದರೆ ಬ್ಯಾಚಿನ ಅಷ್ಟೂ ವಿದ್ಯಾರ್ಥಿಗಳು ಸಾಲಾಗಿ ಬಂದು ಒತ್ತಿ ಹೋಗ್ತಾರೆ.

ಬಂಡೀಪುರದ ಅಂಚು (ಬೆಳಿಗ್ಗೆ 11:20)

ತಾಯಿಯ ಕೈ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಚಾಮರಾಜನಗರದ ಹಾಡಿಗಳಲ್ಲಿ ಆರೋಗ್ಯ ಕೆಲಸ ಮಾಡುವವನು. ಇಲ್ಲಿ ಸಿಕಲ್ ಸೆಲ್ ಎಂಬ, ವಂಶದಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿದ್ದಾರೆ. ಪುಟ್ಟ ಮಕ್ಕಳಲ್ಲಿ ಕೆಲವೊಮ್ಮೆ ರಕ್ತವೆಲ್ಲ ಹೋಗಿ ಗುಲ್ಮದಲ್ಲಿ (ಎಡಪಕ್ಕೆಯ ಅಡಿಯಲ್ಲಿರುವ ಸ್ಪ್ಲೀನ್) ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಗುಲ್ಮ ಊದುತ್ತದೆ, ಮಗು ಬಿಳಿಚಿಕೊಳ್ಳುತ್ತದೆ, ಜೀವಕ್ಕೇ ಬರುತ್ತದೆ. ಜಮೈಕಾದಲ್ಲಿ ಈ ಮಕ್ಕಳ ತಾಯಂದಿರಿಗೆ ಗುಲ್ಮ ಮುಟ್ಟಿ ನೋಡುವುದನ್ನು ಕಲಿಸಿದರು. ಆಮೇಲೆ ಇದರಿಂದಾಗುವ ಸಾವು ಗಣನೀಯವಾಗಿ ಇಳಿಯಿತು.

ನಾವೂ ಅದನ್ನೇ ಮಾಡುತ್ತೇವೆ. ಮಗುವನ್ನು ಮಲಗಿಸಿ, ಬೆರಳುಗಳ ಚಪ್ಪಟೆ ಭಾಗವನ್ನು ಎಡಪಕ್ಕೆಯ ಕೆಳಗೆ ಇಟ್ಟು, ಮಗು ಉಸಿರು ಎಳೆದುಕೊಳ್ಳುವವರೆಗೆ ಕಾಯುವುದು. ಗುಲ್ಮ ತಾನೇ ಬಂದು ಬೆರಳಿಗೆ ತಾಗುತ್ತದೆ. ನಾವು ಹುಡುಕಿಕೊಂಡು ಹೋಗಿ ಚುಚ್ಚಬಾರದು. ಒಬ್ಬ ತಾಯಿ ಎಷ್ಟು ಬೆರಳು ಅಂತ ಇದ್ದಿಲಿನಲ್ಲಿ ಗೋಡೆ ಮೇಲೆ ಗೀಟು ಹಾಕಿಕೊಂಡಿದ್ದಾಳೆ. ನಿನ್ನೆ ಎರಡು ಗೀಟು, ಇವತ್ತು ನಾಲ್ಕು ಅಂದರೆ ಕೇಳುವುದೇ ಇಲ್ಲ, ಮಗುವನ್ನೆತ್ತಿಕೊಂಡು ಹೊರಡುತ್ತಾಳೆ.

ದೊಡ್ಡವರಲ್ಲಿ ಗುಲ್ಮ ಹುಡುಕುವಾಗ ಬಲ ಕಿಬ್ಬೊಟ್ಟೆಯಿಂದ ಶುರು ಮಾಡಿ ಎಡಪಕ್ಕೆಯ ಕಡೆ ಬನ್ನಿ. ಅದು ಬೆಳೆಯುವುದು ಬಲ ಕಿಬ್ಬೊಟ್ಟೆಯ ದಿಕ್ಕಿಗೇ. ನೇರ ಎಡಪಕ್ಕೆಗೇ ಕೈ ಹಾಕಿದರೆ ಹೊಕ್ಕಳು ದಾಟಿ ಬೆಳೆದ ಗುಲ್ಮದ ಮೇಲೇ ಕೈಯಿಟ್ಟು ‘ಸಿಗಲಿಲ್ಲ’ ಅಂತ ಎದ್ದು ಬರುತ್ತೀರಿ. ನಾನು ಒಮ್ಮೆ ಬಂದಿದ್ದೇನೆ.

ವೃದ್ಧಾಶ್ರಮದ ಆಯಾ (ಮಧ್ಯಾಹ್ನ 2:05)

ನನಗೆ ಡಿಗ್ರಿ ಇಲ್ಲ. ಹನ್ನೊಂದು ವರ್ಷದಿಂದ ಅಜ್ಜಿಯರನ್ನು ನೋಡಿಕೊಳ್ತಿದೀನಿ. ನಮ್ಮಲ್ಲಿ ಒಬ್ಬ ಅಜ್ಜಿ ಇದ್ರು, ಕಡ್ಡಿ ಹಾಗೆ ಸಣ್ಣ. ಮೂರು ದಿನ ವಾಂತಿ, ಮೋಷನ್ ಇಲ್ಲ. ಒಂದು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸೀರೆ ಮೇಲಿಂದಾನೇ ಒತ್ತಿ ನೋಡಿ, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಮಾರನೇ ದಿನ ಒಳಸೀರೆ ಬದಲಾಯಿಸೋವಾಗ ಬಲ ತೊಡೆಸಂದಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ನನಗೆ ಕಾಣಿಸ್ತು. ಅಲ್ಲಿ ಕರುಳು ಸಿಕ್ಕಿಹಾಕೊಂಡಿತ್ತು. ಬೇರೆ ಕಡೆ ಆಪರೇಷನ್ ಆಯ್ತು, ಒಂದು ತುಂಡು ಕರುಳು ಕತ್ತರಿಸಬೇಕಾಯ್ತು. ಅಜ್ಜಿ ಬದುಕಿದ್ರು, ಆಮೇಲೂ ಎರಡು ವರ್ಷ ನನ್ನ ಜೊತೆ ಜಗಳ ಆಡ್ಕೊಂಡಿದ್ರು.

ಅವರನ್ನ ನೋವಿದೆಯಾ ಅಂತ ಯಾರು ಕೇಳಿದ್ರೂ ‘ಏನೋ ಒಂಥರಾ’ ಅಂತಿದ್ರು ಅಷ್ಟೇ.

ಕತ್ತರಿ ಹಿಡಿದವ (ಮಧ್ಯಾಹ್ನ 3:30)

ಅಮ್ಮಾ, ನೀವು ನೋಡಿದ್ದು ತೊಡೆಸಂದಿನ ಹರ್ನಿಯಾ. ಸಣಕಲು ಅಜ್ಜಿಯರಲ್ಲಿ ಎಲ್ಲರ ಕೈ ತಪ್ಪಿಸಿಕೊಳ್ಳೋದು ಅದೇ. ಹೊಟ್ಟೆ ಅಂದರೆ ಪಕ್ಕೆಲುಬಿನಿಂದ ತೊಡೆಸಂದಿನವರೆಗೆ. ಮರೆ ಮಾಡಿ, ಇನ್ನೊಬ್ಬ ಹೆಣ್ಣುಮಗಳನ್ನು ಜೊತೆಗೆ ನಿಲ್ಲಿಸಿಕೊಂಡು, ಹೇಳಿ ಕೇಳಿ ಬಟ್ಟೆ ಸರಿಸಬೇಕು. ಹಳೇ ಆಪರೇಷನ್ ಗಾಯ ಕಾಣೋದೂ ಆಗಲೇ. ಬರೆ ಹಾಕಿಸಿಕೊಂಡ ಗುರುತು ಕಾಣೋದೂ ಆಗಲೇ, ಎಳೇ ಕೂಸಿನ ಹೊಟ್ಟೆ ಮೇಲೂ ನೋಡಿದ್ದೀನಿ.

ವಯಸ್ಸಾದವರ ಹೊಟ್ಟೆ ಮೋಸ ಮಾಡುತ್ತೆ. ಹುಡುಗನಿಗೆ ಒಳಗೆ ಒಡೆದರೆ ಹೊಟ್ಟೆ ಮರದ ಹಲಗೆ ಆಗುತ್ತೆ. ಎಂಬತ್ತರವರಿಗೆ ಸ್ನಾಯುವೇ ಸವೆದಿರುತ್ತೆ, ಬಿಗಿ ಹಿಡಿಯೋಕೆ ಏನು ಉಳಿದಿದೆ? ಜ್ವರ ಬರದೇ ಇರಬಹುದು, ಬಿಳಿ ರಕ್ತಕಣ ಏರದೇ ಇರಬಹುದು. ಮಂಡಿನೋವಿಗೆ ನುಂಗೋ ಮಾತ್ರೆ ಇದ್ದಬದ್ದ ನೋವನ್ನೂ ಮುಚ್ಚುತ್ತೆ, ಹೊಟ್ಟೆಯಲ್ಲಿ ಹುಣ್ಣನ್ನೂ ಮಾಡುತ್ತೆ. ‘ಹೊಟ್ಟೆ ಮೃದು’ ಅನ್ನೋ ಮಾತು ಇಪ್ಪತ್ತರವನಿಗೆ ಸಮಾಧಾನ ಕೊಡುವಷ್ಟು ಎಂಬತ್ತರವರಿಗೆ ಕೊಡಬಾರದು.

ನೋವು ಅಂತ ಹೊರಳಾಡ್ತಿದ್ದಾರೆ, ಒತ್ತಿದರೆ ಏನೂ ಸಿಗಲ್ಲ, ನಾಡಿ ತಾಳ ತಪ್ಪಿದೆ ಅಂದರೆ ಕರುಳಿಗೆ ರಕ್ತ ನಿಂತಿರಬಹುದು. ನಾಟಕ ಅನ್ನಬೇಡಿ, ಓಡಿಸಿ. ಹೊಕ್ಕಳಿನ ಮೇಲೆ ಎರಡು ಕೈಯ ಬೆರಳಿಟ್ಟಾಗ ಮಿಡಿತ ಸಿಕ್ಕರೆ, ಅದು ಬೆರಳುಗಳನ್ನು ಬರೀ ಮೇಲಕ್ಕೆ ಎತ್ತುತ್ತೋ ಅಥವಾ ಎರಡೂ ಪಕ್ಕಕ್ಕೆ ದೂಡುತ್ತೋ ನೋಡಿ. ಸಣ್ಣಗಿದ್ದವರಲ್ಲಿ ಮೇಲಕ್ಕೆ ಎತ್ತೋದು ಸಹಜ. ಪಕ್ಕಕ್ಕೆ ದೂಡಿದರೆ ಮಹಾಧಮನಿ ಉಬ್ಬಿರಬಹುದು. ಅದರ ಅಗಲ 3 ಸೆಂ.ಮೀ. ದಾಟಿದರೆ ಉಬ್ಬು ಅಂತಲೇ ಲೆಕ್ಕ. ಅಂಥ ಕಡೆ ಮತ್ತೆ ಮತ್ತೆ ಅದುಮೋದು ಬೇಡ.

ಒಪಿಡಿ ಮೂಲೆ (ಸಂಜೆ 5:10)

ಗ್ಯಾಸ್ಟ್ರಿಕ್ ಅಂದಿದ್ದಕ್ಕೆ ಹೇಳ್ತೀನಿ. ಈ ಪದ ನಮ್ಮ ರಾಜ್ಯದಲ್ಲಿ ಎಷ್ಟು ಜನರ ಹೃದಯಾಘಾತವನ್ನು ಮನೆಯಲ್ಲೇ ಕೂರಿಸಿದೆಯೋ ದೇವರಿಗೇ ಗೊತ್ತು. ಮೇಲ್ಹೊಟ್ಟೆ ಉರಿ, ಬೆವರು, ಸುಸ್ತು. ಒತ್ತಿದರೆ ಹೊಟ್ಟೆಯಲ್ಲಿ ನೋವಿಲ್ಲ. ನಲವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು ಹೀಗೆ ಬಂದರೆ ಸೋಡಾ ಕುಡಿಸೋ ಬದಲು ಇಸಿಜಿ ಇರೋ ಕಡೆ ಕಳಿಸಿ. ಒತ್ತಿದಾಗ ಏನೂ ಸಿಗದೇ ಇರೋದೇ ಇಲ್ಲಿ ಸುಳಿವು.

ಗಣೇಶಪೇಟ ಪೋರ (ಸಂಜೆ 6:00)

ನಮ್ಮ ಕಾಕಾಗ ಹಿಂಗs ಆಗಿತ್ರೀ. ಸೋಡಾ ಕುಡದು ಕುಂತಿದ್ರು. ನಿನ್ನೆ ಸ್ಕ್ಯಾನಿಂಗ್ ಅಂದಿದ್ದು ತಪ್ಪಾತು, ಬಿಡ್ರಿ. ಇನ್ನೊಂದು ಕೇಳ್ತೀನಿ. ಡಾಕ್ಟರು ನೋಡೂಕಿಂತ ಮೊದಲ ನೋವಿನ ಇಂಜೆಕ್ಷನ್ ಕೊಟ್ರ ರೋಗ ಮುಚ್ಚಿ ಹೋಗತೈತಿ ಅಂತಾರಲ್ಲ, ಖರೇ ಏನು?

ಕತ್ತರಿ ಹಿಡಿದವ (ಸಂಜೆ 6:25)

ನಮ್ಮ ಗುರುಗಳ ಕಾಲದಲ್ಲಿ ಹಾಗೆ ನಂಬಿದ್ದರು. ಆಮೇಲೆ ಪರೀಕ್ಷಿಸಿ ನೋಡಿದಾಗ ನೋವು ಇಳಿಸಿದರೂ ರೋಗ ಗುರುತಿಸೋದಕ್ಕೆ ಅಡ್ಡಿ ಆಗಲ್ಲ ಅಂತ ಗೊತ್ತಾಯ್ತು. ನೋವಿಗೆ ಮುದುಡಿದ ಮಗುವಿಗಿಂತ, ನೋವಿಳಿದು ಕಾಲು ಚಾಚಿದ ಮಗುವನ್ನು ಪರೀಕ್ಷೆ ಮಾಡೋದು ಸುಲಭ. ನೀವು ಕೊಟ್ಟಿದ್ದನ್ನು ಸಮಯದ ಸಮೇತ ಚೀಟಿಯಲ್ಲಿ ಬರೆಯಿರಿ, ಸಾಕು.

ಹೆರಿಗೆ ಕೋಣೆ (ರಾತ್ರಿ 8:45)

ಬಸುರಿಯರನ್ನು ಎಲ್ಲರೂ ಮರೆತಿರಿ! ಐದು ತಿಂಗಳು ತುಂಬಿದ ಮೇಲೆ ಅಂಗಾತ ಹೆಚ್ಚು ಹೊತ್ತು ಮಲಗಿಸಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಬಲ ಸೊಂಟದಡಿ ಮಡಚಿದ ಬೆಡ್‌ಶೀಟ್ ಇಟ್ಟು ಎಡಕ್ಕೆ ವಾಲಿಸಿ. ಇನ್ನು ಹೊಟ್ಟೆನೋವು ಅಂತ ಬಂದ ಹದಿನೇಳರ ಹುಡುಗಿಗೆ ಮುಟ್ಟಿನ ತಾರೀಕು ಕೇಳುವಾಗ ತಾಯಿಯನ್ನು ‘ಸ್ವಲ್ಪ ನೀರು ತರ್ತೀರಾ’ ಅಂತ ಆಚೆ ಕಳಿಸಿ. ಗರ್ಭ ನಾಳದಲ್ಲಿ ಕೂತು ಒಡೆದರೆ ಹೊಟ್ಟೆಗಿಂತ ಮೊದಲು ಮುಖ ಬಿಳಿಚುತ್ತದೆ.

ಉಪಕೇಂದ್ರದ ಹುಡುಗಿ (ಬುಧವಾರ, ರಾತ್ರಿ 9:30)

ಎಲ್ಲರಿಗೂ ಕೈ ಮುಗಿದೆ. ಕೆಲವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಹುಡುಗನನ್ನು ನಿನ್ನೆ ಮತ್ತೆ ಕರೆಸಿದೆ. ಸಿಸ್ಟರ್ ಹೇಳಿದಂತೆ ಅವನ ಕೈ ಮೇಲೆ ನನ್ನ ಕೈ ಇಟ್ಟೆ. ಎಡ ಕಿಬ್ಬೊಟ್ಟೆಯಲ್ಲಿ ಗಟ್ಟಿ ಗಟ್ಟಿ ಉಂಡೆಗಳ ಸಾಲು, ಅದುಮಿದರೆ ಕುಳಿ ಬೀಳುತ್ತಿತ್ತು. ಜಿಗಿ ಅಂದರೆ ಹನ್ನೆರಡು ಸಲ ಜಿಗಿದ, ನಿಲ್ಲಿಸು ಅಂದರೂ ನಿಲ್ಲಿಸಲಿಲ್ಲ. ಐದು ದಿನದಿಂದ ಮೋಷನ್ ಆಗಿಲ್ಲ. ಶಾಲೆಯ ಶೌಚಾಲಯದ ಚಿಲಕ ಮುರಿದಿದೆಯಂತೆ, ಅದಕ್ಕೆ ತಡೆದುಕೊಳ್ಳುತ್ತಾನೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿದ್ದೇನೆ.

ಅಜ್ಜನ ಮನೆಗೆ ಸಂಜೆ ಹೋಗಿದ್ದೆ. ಟ್ಯೂಬಿನ ಚೀಲ ತೊಡೆಗೆ ಕಟ್ಟಿಕೊಂಡು ಕಟ್ಟೆ ಮೇಲೆ ಕೂತಿದ್ದರು, ಮಾತು ಸರಿಯಾಗಿದೆ. ತಪ್ಪಾಯ್ತು ಅಜ್ಜಾ, ಅಂದು ಕೆಳಗೆ ನೋಡಲಿಲ್ಲ ಅಂದೆ. ‘ನಾನರ ಎಲ್ಲಿ ಬಿಚ್ಚಗೊಡ್ತಿದ್ನಿ ಬೇ’ ಅಂದರು.

ಕೂಸಿನ ಹೊಕ್ಕಳ ಮೇಲಿನ ನಾಣ್ಯ ಬಿಚ್ಚಿಸಿದೆ. ಚರ್ಮ ಸ್ವಲ್ಪ ಕೆಂಪಾಗಿತ್ತು. ಇವತ್ತು ನೋಡಿದರೆ ಅದೇ ನಾಣ್ಯಕ್ಕೆ ತೂತು ಹೊಡೆಸಿ ಉಡದಾರಕ್ಕೆ ಪೋಣಿಸಿದ್ದಾರೆ.